ಖಾಲಿ ಗ್ಯಾಲರಿಯಿಂದ ನನ್ನ ಕೂಗು

ದೆಹಲಿಯ ಜನಕಪುರಿಯ ನಮ್ಮ ಬೀದಿಯಲ್ಲಿ ತರಕಾರಿ ಗಾಡಿಯವನು ಎಷ್ಟು ದೂರ ಹೋಗಿದ್ದರೂ, ಬಾಲ್ಕನಿಯಿಂದ ನಾನು ಒಮ್ಮೆ ‘ಭಯ್ಯಾ’ ಎಂದರೆ ಗಾಡಿ ತಿರುಗಿಸಿಕೊಂಡು ಬರುತ್ತಿದ್ದ. ಕನ್ನಡ ಸಂಘದ ಸಮಾರಂಭದಲ್ಲಿ ಮೈಕ್ ಕೈಕೊಟ್ಟರೆ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಆಫೀಸಿನಲ್ಲಿ ನಾನು ಫೋನು ಹಿಡಿದರೆ, ‘ಅದಕ್ಕೆ ಫೋನ್ ಯಾಕೆ, ಕಿಟಕಿ ತೆಗೆದು ಮಾತಾಡಿ’ ಎಂದು ಹಂಗಿಸುತ್ತಿದ್ದರು. ದೇವರು ನನಗೆ ಎತ್ತರ ಕೊಡಲಿಲ್ಲ. ತಲೆಗೂದಲು ಕೊಟ್ಟ ಹಾಗೆ ಮಾಡಿ ವಾಪಸ್ ತೆಗೆದುಕೊಂಡ. ಗಂಟಲನ್ನು ಮಾತ್ರ ಧಾರಾಳವಾಗಿ ಕೊಟ್ಟಿದ್ದ.

ಮಗಳು ಬ್ಯಾಡ್ಮಿಂಟನ್ ಆಡಲು ಶುರು ಮಾಡಿದ ಮೇಲೆ ಆ ಗಂಟಲಿಗೆ ಒಂದು ಒಳ್ಳೆಯ ಕೆಲಸ ಸಿಕ್ಕಿತು. ಆಟ ನಡೆಯುವಾಗ ಗ್ಯಾಲರಿಯಿಂದ ಆಟಗಾರರಿಗೆ ಸಲಹೆ ಕೊಡುವಂತಿಲ್ಲ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೂಗಿದರೆ ಅಂಪೈರ್ ತಲೆಯೆತ್ತಿ ಗುರಾಯಿಸುತ್ತಾರೆ. ಕನ್ನಡದಲ್ಲಿ ಕೂಗಿದರೆ ದೆಹಲಿಯಲ್ಲಿ ಯಾರಿಗೆ ಗೊತ್ತಾಗಬೇಕು? ಉಳಿದ ತಂದೆತಾಯಿಗಳು ‘ಶಾಬಾಶ್ ಬೇಟಾ’ ಅನ್ನುವ ಹಾಗೆ ಇವನೂ ತನ್ನ ಭಾಷೆಯಲ್ಲಿ ಏನೋ ಹುರಿದುಂಬಿಸುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು. ನಾನು ಕೂಗುತ್ತಿದ್ದುದು ಮುಖ್ಯವಾಗಿ ಒಂದೇ ಮಾತು: ‘ಬಿಡು!’

ಎದುರಾಳಿ ಎತ್ತರಕ್ಕೆ ಹೊಡೆದ ಶಟಲ್ ಹಿಂದಿನ ಗೆರೆಯ ಹತ್ತಿರ ಇಳಿಯುವಾಗ, ಅದು ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂಬುದು ಮೇಲೆ ನೋಡುತ್ತ ಓಡುವ ಹುಡುಗಿಗೆ ತಿಳಿಯುವುದು ಕಷ್ಟ. ಅವಳ ಬೆನ್ನ ಹಿಂದೆ, ಗೆರೆಯ ಹತ್ತಿರ ಕೂತವನಿಗೆ ಸುಲಭ. ನಾನು ‘ಬಿಡು’ ಅಂದರೆ ಅವಳು ರ್‍ಯಾಕೆಟ್ ಕೆಳಗಿಳಿಸುತ್ತಿದ್ದಳು, ಶಟಲ್ ಗೆರೆಯಾಚೆ ಬೀಳುತ್ತಿತ್ತು, ಪಾಯಿಂಟ್ ನಮ್ಮದು. ಒಂದು ಗೇಮ್ ಮುಗಿದು ಆಟಗಾರರು ಬದಿ ಬದಲಿಸಿದಾಗ ನಾನೂ ಎದ್ದು, ಜನರ ಮೊಣಕಾಲು ದಾಟಿಕೊಂಡು ಗ್ಯಾಲರಿಯ ಆಚೆ ತುದಿಗೆ ಓಡುತ್ತಿದ್ದೆ. ‘ನಿಮಗೂ ಒಂದು ನಂಬರ್ ಹಾಕಿದ ಟೀಶರ್ಟ್ ಹೊಲಿಸ್ಬೇಕು’ ಅನ್ನುತ್ತಿದ್ದಳು ನನ್ನಾಕೆ.

ಒಮ್ಮೆ ಮಾತ್ರ ಸಿಕ್ಕಿಬಿದ್ದೆ. ಮ್ಯಾಚ್ ಮುಗಿದ ಮೇಲೆ ಗೆರೆಯ ಪಕ್ಕದ ಅಂಪೈರ್ ನೇರ ನನ್ನ ಹತ್ತಿರ ಬಂದು, ‘ಸರ, ನಮಗೂ ಕನ್ನಡ ಬರ್ತೈತ್ರಿ. ಮುಂದಿನ ಮ್ಯಾಚಿಗೆ ಸುಮ್ನ ಕುಂದರ್ರಿ’ ಎಂದರು. ಹುಬ್ಬಳ್ಳಿಯವರು. ಅವತ್ತು ಅವರ ಜೊತೆ ಚಹಾ ಕುಡಿದು ಬಂದೆ. ಮುಂದಿನ ಮ್ಯಾಚಿಗೆ ಅವರಿರಲಿಲ್ಲ, ನಾನು ಸುಮ್ಮನೆ ಕೂರಲೂ ಇಲ್ಲ.

ದೆಹಲಿಯಲ್ಲೇ ಬೆಳೆದ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಅರ್ಧಕ್ಕೆ ಹಿಂದಿಗೆ ಜಾರುತ್ತಾಳೆ. ಆದರೆ ಕೋರ್ಟಿನೊಳಗೆ ಅವಳ ಕಾಲುಗಳಿಗೆ ಕನ್ನಡವೊಂದೇ ಬರುತ್ತಿತ್ತು. ನನ್ನ ಕೂಗು ಅವಳ ತಲೆಗೆ ಹೋಗುತ್ತಿರಲಿಲ್ಲ, ನೇರ ಕಾಲಿಗೆ ಹೋಗುತ್ತಿತ್ತು.

ಕೊರೋನಾದ ಎರಡನೇ ಅಲೆಯಲ್ಲಿ ನಾನು ಆಸ್ಪತ್ರೆ ಸೇರಿದೆ. ಗಂಟಲಿಗೆ ಕೊಳವೆ ಇಳಿಸಿ ಬಹಳ ದಿನ ಮಲಗಿಸಿದ್ದರಂತೆ. ನನಗೆ ನೆನಪಿರುವುದು ಚಾವಣಿಯ ಒಂದು ದೀಪ ಮಾತ್ರ. ಬದುಕಿ ಮನೆಗೆ ಬಂದೆ, ದನಿ ಬರಲಿಲ್ಲ. ಧ್ವನಿತಂತುಗಳಲ್ಲಿ ಒಂದು ಅಲುಗುತ್ತಿಲ್ಲ, ಬಂದರೆ ಬರಬಹುದು, ಕಾಯಬೇಕು ಎಂದರು ಡಾಕ್ಟರು. ಬಾಯಿ ತೆರೆದರೆ ಗಾಳಿ ಬರುತ್ತಿತ್ತು. ಹತ್ತಿರ ಬಂದು ಕಿವಿಗೊಟ್ಟವರಿಗೆ ಆ ಗಾಳಿಯಲ್ಲಿ ಮಾತು ತಿಳಿಯುತ್ತಿತ್ತು. ‘ಜೀವ ಉಳೀತಲ್ಲ, ಅದೇ ದೊಡ್ಡದು’ ಎಂದು ಫೋನು ಮಾಡಿದವರೆಲ್ಲ ಹೇಳಿದರು. ಹೌದು, ದೊಡ್ಡದೇ. ಆದರೂ ಹಾಗೆ ಹೇಳಿದವರ ಮೇಲೆ ನನಗೆ ಕೆಟ್ಟ ಕೋಪ ಬರುತ್ತಿತ್ತು, ತೀರಿಸಿಕೊಳ್ಳಲು ದನಿ ಬೇಕಿತ್ತು.

ಮನೆ ತಣ್ಣಗಾಯಿತು. ಒಳಗಿನ ಕೋಣೆಯಿಂದ ಯಾರನ್ನಾದರೂ ಕರೆಯಬೇಕಾದರೆ ನಾನು ಚಪ್ಪಾಳೆ ತಟ್ಟುತ್ತಿದ್ದೆ. ತರಕಾರಿ ಗಾಡಿ ನನ್ನ ಕಣ್ಣೆದುರೇ ಬೀದಿ ತಿರುಗಿ ಹೋಗುತ್ತಿತ್ತು. ಮಗಳ ಪ್ರಾಕ್ಟೀಸ್ ಮತ್ತೆ ಶುರುವಾಯಿತು, ಆದರೆ ಅವಳಲ್ಲಿ ಹೋಗುವ ಹುರುಪು ಇರಲಿಲ್ಲ. ಒಂದು ಸಂಜೆ ತಾಯಿಯ ಹತ್ತಿರ ಹೇಳುತ್ತಿದ್ದುದು ಕೇಳಿಸಿತು: ‘ಮಮ್ಮಿ, ಹಿಂದಿನ ಲೈನ್ ಹತ್ರ ಶಟಲ್ ಬಂದ್ರೆ ನಂಗೆ ಸಮಝ್ ಹೀ ನಹೀ ಆತಾ, ಒಳಗೋ ಹೊರಗೋ ಗೊತ್ತಾಗಲ್ಲ. ಅಪ್ಪ ಹೇಳ್ಬೇಕು ಅಂತ ಕಾಯ್ತೀನಿ.’ ದನಿ ಹೋದವನಿಗೆ ಕಿವಿ ಚುರುಕಾಗುತ್ತದೆ. ಕೇಳಬಾರದಿತ್ತು, ಕೇಳಿಸಿತು.

ಆ ಚಳಿಗಾಲದಲ್ಲಿ ಗುರುಗ್ರಾಮದ ಒಂದು ಅಕಾಡೆಮಿ ತನ್ನ ಟೂರ್ನಮೆಂಟನ್ನು ಮತ್ತೆ ನಡೆಸಿತು. ಕೊರೋನಾ ಬರುವ ಮುಂಚಿನ ವರ್ಷ ಮಗಳು ಅದೇ ಹಾಲಿನಲ್ಲಿ ಚಿಕ್ಕವರ ವಿಭಾಗದಲ್ಲಿ ಆಡಿದ್ದಳು, ನಾನು ಗ್ಯಾಲರಿಯ ಎರಡೂ ತುದಿ ಸವೆಸಿದ್ದೆ. ಈ ಸಲ ಸೆಮಿಫೈನಲ್ ತಲುಪಿದ ನಾಲ್ವರನ್ನು ಅಕಾಡೆಮಿ ತನ್ನ ದೊಡ್ಡ ಬ್ಯಾಚಿಗೆ ತೆಗೆದುಕೊಳ್ಳುತ್ತಿತ್ತು. ಮಗಳ ವಯಸ್ಸಿನ ವಿಭಾಗಕ್ಕೆ ಇದೇ ಕೊನೆಯ ಅವಕಾಶ. ‘ಇದಾಗ್ಲಿಲ್ಲ ಅಂದ್ರೆ ಬಸ್, ನಾನು ಟ್ಯೂಷನ್ ಸೇರ್ಕೋತೀನಿ’ ಎಂದು ಅವಳೇ ಘೋಷಿಸಿಬಿಟ್ಟಿದ್ದಳು. ಮಕ್ಕಳು ಹಾಗೆ ಶಾಂತವಾಗಿ ಹೇಳಿದಾಗ ಹೆದರಬೇಕು. ಕ್ವಾರ್ಟರ್‌ಫೈನಲ್‌ವರೆಗೆ ಹೇಗೋ ಬಂದಳು. ಆ ಒಂದು ಮ್ಯಾಚು ಗೆದ್ದರೆ ಅವಳ ಆಟ ಉಳಿಯುತ್ತಿತ್ತು.

ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ‘ಅಂಕಲ್‌ಜೀ, ಸಿರ್ಫ್ ಖಿಲಾಡಿ ಔರ್ ಕೋಚ್’ ಎಂದು ಗೇಟಿನ ಗಾರ್ಡು ಕೈ ಅಡ್ಡ ಹಿಡಿದ. ಆಟಗಾರರು, ಕೋಚು, ಅಷ್ಟೇ. ಮಗಳು ಹೆಗಲಿಗೆ ಬ್ಯಾಗು ಏರಿಸಿ, ನಮಗೆ ಕೈಬೀಸಿ ಒಳಗೆ ಹೋದಳು. ಬಾಗಿಲು ಮುಚ್ಚುವ ಮುಂಚೆ ಗ್ಯಾಲರಿ ಒಂದು ಗಳಿಗೆ ಕಾಣಿಸಿತು. ಖಾಲಿ ಕುರ್ಚಿಗಳು ಕ್ಯಾಮೆರಾಗೆ ಕಾಣದಿರಲಿ ಎಂದು ಅವುಗಳ ಮೇಲೆ ಉದ್ದಕ್ಕೆ ಫ್ಲೆಕ್ಸ್ ಕಟ್ಟಿದ್ದರು. ಅದರ ತುಂಬ ಜನರ ಚಿತ್ರ. ಯಾವ ದೇಶದವರೋ, ಬಿಸಿಲಿಗೆ ಟೋಪಿ ಹಾಕಿಕೊಂಡು, ಬಾಯಿ ತೆರೆದು ನಗುತ್ತಿದ್ದರು. ಹೊರಗೆ ಗುರುಗ್ರಾಮದ ಮಂಜು ಎದುರಿನ ಎತ್ತರದ ಕಟ್ಟಡಗಳ ಅರ್ಧವನ್ನು ನುಂಗಿತ್ತು.

ತಂದೆತಾಯಿಗಳೆಲ್ಲ ಪಾರ್ಕಿಂಗಿನಲ್ಲಿ ತಮ್ಮ ತಮ್ಮ ಕಾರಿನಲ್ಲಿ ಕೂತು ಮೊಬೈಲಿನಲ್ಲಿ ನೇರಪ್ರಸಾರ ನೋಡಬೇಕು. ನಾವೂ ಚಳಿಗೆ ಗಾಜು ಏರಿಸಿಕೊಂಡು ಕೂತೆವು. ಪಕ್ಕದ ಕಾರಿನಲ್ಲಿ ಒಬ್ಬ ಮನುಷ್ಯ ಮೊಬೈಲಿಗೆ ಬಾಯಿ ದೊಡ್ಡದು ಮಾಡಿ ಕೂಗುತ್ತಿದ್ದ, ಸ್ಟೀರಿಂಗ್ ಗುದ್ದುತ್ತಿದ್ದ. ಏನೂ ಕೇಳಿಸುತ್ತಿರಲಿಲ್ಲ. ಆಚೆ ಕಾರಿನಲ್ಲೂ ಹಾಗೇ. ಸಾಲು ಸಾಲು ಕಾರುಗಳಲ್ಲಿ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಎಲ್ಲರೂ ನನ್ನ ಹಾಗೆ ಆಗಿಬಿಟ್ಟಿದ್ದಾರಲ್ಲ ಎಂದು ಮೊದಲು ನಗು ಬಂತು, ಆಮೇಲೆ ಮೈ ಜುಮ್ಮೆಂದಿತು. ಆ ಕಡೆ ನೋಡುವುದನ್ನು ಬಿಟ್ಟೆ.

ನಮ್ಮ ಕಾರು ಹಾಲಿನ ಗೋಡೆಯ ಪಕ್ಕದಲ್ಲೇ ಇತ್ತು. ಮೇಲಿನ ಗವಾಕ್ಷಿಗಳನ್ನು ಗಾಳಿಯಾಡಲೆಂದು ತೆರೆದಿಟ್ಟಿದ್ದರು. ಆ ಕಡೆಯ ಗಾಜನ್ನು ಎರಡು ಬೆರಳಷ್ಟು ಇಳಿಸಿಕೊಂಡ ಮೇಲೆ ಒಳಗಿನ ಸದ್ದು ಅಲ್ಲಿಂದ ತೂರಿ ಬರುತ್ತಿತ್ತು, ಮೊಬೈಲಿನ ಚಿತ್ರ ಮಾತ್ರ ಒಂದಿಷ್ಟು ಹೊತ್ತು ಹಿಂದೆ ಬೀಳುತ್ತಿತ್ತು. ಅಂಪೈರರ ಮಾತು ಗೋಡೆಯಾಚೆಯಿಂದ ಕೇಳಿಸಿ, ನಾವು ಅದನ್ನು ಮರೆಯುವಷ್ಟರಲ್ಲಿ ಮೊಬೈಲಿನಲ್ಲಿ ಅದೇ ಮಾತು ಬರುತ್ತಿತ್ತು. ಆಗಿಹೋದದ್ದು ಕಿವಿಗೆ ಮೊದಲು, ಕಣ್ಣಿಗೆ ಆಮೇಲೆ.

ಒಳಗೆ ಯಾರೂ ಇಲ್ಲ ಅಂದಿದ್ದರಲ್ಲ, ಆದರೆ ಮ್ಯಾಚು ಶುರುವಾಗುತ್ತಿದ್ದಂತೆ ಗೋಡೆಯಾಚೆ ಜನಸಮೂಹ ಗುಲ್ಲೆಬ್ಬಿಸಿತು. ಚಪ್ಪಾಳೆ, ಸೀಟಿ, ‘ಶಾಬಾಶ್’, ಎಲ್ಲೋ ಒಂದು ಮಗುವಿನ ಅಳು. ನನ್ನಾಕೆ ನನ್ನ ಮುಖ ನೋಡಿದಳು. ‘ಸ್ಪೀಕರ್ ಇರ್ಬೇಕು ರೀ. ಟೀವಿಯಲ್ಲೂ ಹೀಗೇ ಹಾಕ್ತಾರಲ್ಲ’ ಎಂದಳು.

ಮೊದಲ ಗೇಮಿನಲ್ಲಿ ಮಗಳು ಚೆನ್ನಾಗಿಯೇ ಆಡುತ್ತಿದ್ದಳು. ಸ್ಕೋರು ಸಮಸಮ ಇದ್ದಾಗ ಗೋಡೆಯಾಚೆ ಆ ಗುಲ್ಲಿನ ನಡುವಿನಿಂದ ಒಂದು ಕೂಗು ಎದ್ದಿತು.

‘ಬಿಡು!’

ನಾನು ನನ್ನ ಗಂಟಲು ಮುಟ್ಟಿಕೊಂಡೆ. ಅದು ಅಲ್ಲಿಂದ ಬಂದಿರಲಿಲ್ಲ. ಹೊಟ್ಟೆಯಿಂದ ಎದ್ದು, ಕೊನೆಯಲ್ಲಿ ತುಸು ಒಡೆಯುವ ನನ್ನದೇ ಕೂಗು, ಒಳಗೆ, ನಾನಿಲ್ಲದ ಕಡೆ. ‘ರೀ’ ಎಂದು ನನ್ನಾಕೆ ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. ತೆರೆಯ ಮೇಲೆ ಮಗಳು ಇನ್ನೂ ಹಿಂದಿನ ಪಾಯಿಂಟ್ ಆಡುತ್ತಿದ್ದಳು, ಏನಾಗಿದೆಯೆಂದು ಅವಳ ಚಿತ್ರಕ್ಕೆ ಗೊತ್ತಿರಲಿಲ್ಲ. ಆಮೇಲೆ ಸರ್ವ್ ಆಯಿತು, ಶಟಲ್ ಎತ್ತರಕ್ಕೆ ಹೋಯಿತು, ಮಗಳು ಹಿಂದಕ್ಕೆ ಓಡಿದಳು. ಈಗ ಮೊಬೈಲಿನಿಂದ ನಾನು ಎರಡನೇ ಸಲ ಕೂಗಿದೆ: ‘ಬಿಡು!’ ಅವಳು ರ್‍ಯಾಕೆಟ್ ಇಳಿಸಿದಳು. ಶಟಲ್ ಗೆರೆಯ ಒಳಗೆ ಬಿತ್ತು, ಚೆನ್ನಾಗಿ ಒಳಗೆ.

ಪಾಯಿಂಟ್ ಹೋಯಿತು. ನನ್ನ ಮಗಳು ತಿರುಗಿ, ಆ ಟೋಪಿಯವರ ಚಿತ್ರವಿದ್ದ ಖಾಲಿ ಗ್ಯಾಲರಿಯ ಕಡೆ ಕತ್ತೆತ್ತಿ ನೋಡಿ, ನಕ್ಕಳು.

ಪಾಯಿಂಟ್ ಕಳೆದುಕೊಂಡು ನಗುವ ಹುಡುಗಿಯಲ್ಲ ಅವಳು. ಅಂಥ ಹೊತ್ತಿನಲ್ಲಿ ರ್‍ಯಾಕೆಟಿನ ತಂತಿ ಎಣಿಸುತ್ತ ನಿಲ್ಲುವವಳು. ಆ ನಗು ನೋಡಿ ನನಗೆ ಹೆದರಿಕೆಯಾಯಿತು. ಅವಳು ಅಲ್ಲಿ ಯಾರನ್ನು ನೋಡಿದಳು?

ಆ ಸದ್ದು ಒಂದು ಸುತ್ತು ತಿರುಗಿ ಮತ್ತೆ ಮೊದಲಿನಿಂದ ಶುರುವಾಯಿತು. ಅದೇ ಮಗು ಅದೇ ರೀತಿ ಅತ್ತಿತು, ಅದೇ ಸೀಟಿ ಕೇಳಿಸಿತು, ಮತ್ತೆ ನಾನು ‘ಬಿಡು’ ಎಂದೆ. ಅವಳು ಮತ್ತೆ ಬಿಟ್ಟಳು, ಶಟಲ್ ಮತ್ತೆ ಒಳಗೆ ಬಿತ್ತು. ಈ ಸಲ ನಗಲಿಲ್ಲ. ಗ್ಯಾಲರಿಯನ್ನು ಹುಡುಕುವವಳ ಹಾಗೆ ಎಡದಿಂದ ಬಲಕ್ಕೆ ನೋಡಿದಳು. ಮೊದಲ ಗೇಮ್ ಸೋತಳು.

‘ಏಳ್ರೀ. ಅದನ್ನ ನಿಲ್ಲಿಸ್ಬೇಕು’ ಎಂದು ನನ್ನಾಕೆ ಬಾಗಿಲು ತೆಗೆದಳು. ಕೋಚಿನ ಫೋನು ಬಂದ್ ಆಗಿತ್ತು. ನಾವು ಗೇಟಿಗೆ ಹೋಗಿ ಆಯೋಜಕರನ್ನು ಕರೆಸಿದೆವು. ಕೈಯಲ್ಲಿ ವಾಕಿಟಾಕಿ ಹಿಡಿದ ಯುವಕನೊಬ್ಬ ಬಂದ. ‘ಆಂಟೀಜೀ, ಮಾಹೋಲ್ ಬನಾನಾ ಪಡ್ತಾ ಹೈ’, ವಾತಾವರಣ ಕಟ್ಟಬೇಕಲ್ಲ ಎಂದು ಸಮಾಧಾನ ಹೇಳಿದ. ಖಾಲಿ ಹಾಲು ನೋಡಿದರೆ ಮಕ್ಕಳಿಗೂ ನೋಡುವವರಿಗೂ ಬೇಜಾರು, ಅದಕ್ಕೇ ಕೊರೋನಾಗೆ ಮುಂಚಿನ ಟೂರ್ನಮೆಂಟಿನ ವಿಡಿಯೋದಿಂದ ಜನರ ಸದ್ದು ತೆಗೆದು ಹಾಕಿದ್ದೇವೆ ಎಂದ. ಆ ಜನರಲ್ಲಿ ಒಬ್ಬರು ನನ್ನ ಗಂಡ, ಅವರು ಕೂಗಿದ ಹಾಗೆ ಮಗಳು ಆಡುತ್ತಿದ್ದಾಳೆ, ದಯವಿಟ್ಟು ನಿಲ್ಲಿಸಿ ಎಂದಳು ನನ್ನಾಕೆ ತನ್ನ ಸರ್ಕಾರಿ ಹಿಂದಿಯಲ್ಲಿ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕುಳ್ಳ ಮನುಷ್ಯ, ಮಂಕಿಕ್ಯಾಪು, ಮಾಸ್ಕು. ‘ಅಂಕಲ್, ಆಪ್ ಬೋಲ್ ಕೇ ದಿಖಾಯಿಯೇ’ ಎಂದ.

ಕೂಗಿ ತೋರಿಸಬೇಕಂತೆ. ಮಾಸ್ಕು ಇಳಿಸಿ, ಎದೆ ತುಂಬ ಚಳಿಗಾಳಿ ಎಳೆದುಕೊಂಡು, ಇಡೀ ಮೈಯಿಂದ ಕೂಗಿದೆ. ಹೊಗೆಯ ಹಾಗೆ ಉಸಿರು ಬಂತು, ಸದ್ದು ಬರಲಿಲ್ಲ. ನನ್ನದೇ ದನಿ ನನ್ನದೆಂದು ಸಾಬೀತು ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅವಮಾನದಿಂದ ಕಣ್ಣು ತುಂಬಿ ಬಂತು. ಆ ಯುವಕ ಪಾಪ ಅನ್ನುವ ಹಾಗೆ ತಲೆಯಾಡಿಸಲು ಶುರು ಮಾಡಿದ.

ನನ್ನ ಬಾಯಿ ಇನ್ನೂ ತೆರೆದೇ ಇತ್ತು. ಅವನ ಬೆನ್ನ ಹಿಂದಿನ ಬಾಗಿಲಿನೊಳಗಿಂದ ‘ಬಿಡು!’ ಬಂತು.

ಅವನು ತಿರುಗಿ ಬಾಗಿಲು ನೋಡಿದ, ನನ್ನ ಬಾಯಿ ನೋಡಿದ, ಒಂದು ಹೆಜ್ಜೆ ಹಿಂದೆ ಸರಿದ. ಅವನಿಗೆ ನಂಬಿಕೆ ಬಂತೋ ದಿಗಿಲು ಬಂತೋ ಗೊತ್ತಿಲ್ಲ. ‘ಮ್ಯಾಚ್ ಕೇ ಬೀಚ್ ಮೇ ನಹೀ ಹೋಗಾ’, ಮ್ಯಾಚ್ ಮಧ್ಯೆ ಆಗುವುದಿಲ್ಲ, ಮುಗಿದ ಮೇಲೆ ನೋಡೋಣ ಎಂದು ಗಡಿಬಿಡಿಯಲ್ಲಿ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕಾರಿಗೆ ವಾಪಸ್ ಬಂದು ನೋಡಿದರೆ ಮಗಳು ಎರಡನೇ ಗೇಮ್ ಗೆದ್ದಿದ್ದಳು. ಹೇಗೆ ಗೆದ್ದಳೆಂದು ನಾವು ನೋಡಿರಲಿಲ್ಲ. ನಾನು ಒಳಗಿನಿಂದ ಕೂಗುತ್ತಲೇ ಇದ್ದೆನಲ್ಲ, ಅವಳು ಕೇಳಲಿಲ್ಲವೇ? ಸಂತೋಷಪಡಬೇಕಾದವನಿಗೆ ಎದೆಯಲ್ಲಿ ಏನೋ ಚುಚ್ಚಿತು, ಅದನ್ನೂ ಹೇಳಿಬಿಡುತ್ತೇನೆ.

ಮೂರನೇ ಗೇಮ್ ಕೊನೆಯವರೆಗೂ ಎಳೆಯಿತು. ಇಬ್ಬರೂ ಸುಸ್ತಾಗಿದ್ದರು. ಮಗಳು ಒಂದು ಪಾಯಿಂಟ್ ಮುಂದಿದ್ದಳು, ಇನ್ನೊಂದು ಬಂದರೆ ಸೆಮಿಫೈನಲ್. ಆಗ ಗೋಡೆಯಾಚೆ ಆ ಮಗು ಅತ್ತಿತು. ನಾವಿಬ್ಬರೂ ಉಸಿರು ಹಿಡಿದೆವು, ಮಗುವಾದ ಮೇಲೆ ಸೀಟಿ, ಸೀಟಿಯಾದ ಮೇಲೆ ನಾನು.

‘ಬಿಡು!’

ಆಮೇಲೆ ಒಳಗೆ ಚಪ್ಪಾಳೆ, ಅದು ನಿಜದ್ದೋ ಸ್ಪೀಕರಿನದ್ದೋ ತಿಳಿಯಲಿಲ್ಲ. ಆಗಬೇಕಾದದ್ದು ಗೋಡೆಯಾಚೆ ಆಗಿಹೋಗಿತ್ತು. ತೆರೆಯ ಮೇಲೆ ಅವಳು ಇನ್ನೂ ಸರ್ವ್ ಮಾಡಲು ನಿಂತು, ಅಂಗೈ ಬೆವರನ್ನು ಸ್ಕರ್ಟಿಗೆ ಒರೆಸಿಕೊಳ್ಳುತ್ತಿದ್ದಳು. ಸರ್ವ್ ಮಾಡಿದಳು. ಶಟಲ್ ಆಚೆ ಈಚೆ ಹೋಯಿತು, ಎದುರಾಳಿ ಹುಡುಗಿ ಎತ್ತರಕ್ಕೆ ಹೊಡೆದಳು, ನನ್ನ ಮಗಳು ಹಿಂದಿನ ಗೆರೆಗೆ ಓಡಿದಳು. ಮೊಬೈಲಿನೊಳಗಿನಿಂದ ನಾನು ‘ಬಿಡು’ ಎಂದೆ. ಕಾರಿನೊಳಗಿನಿಂದ ನಾನು ‘ಹೊಡಿ’ ಎಂದೆ. ಗಾಜಿನ ಮೇಲೆ ಉಸಿರಿನ ಮಂಜು ಮೂಡಿತು, ಅಷ್ಟೇ. ನನ್ನ ವಿರುದ್ಧ ನಾನೇ ಕೂಗಿ ಸೋತೆ.

ಅವಳು ಹೊಡೆದಳು. ಸುಸ್ತಾಗಿದ್ದ ಎದುರಾಳಿ ಅದನ್ನು ನೆಟ್ಟಿಗೆ ಹಾಕಿದಳು. ನನ್ನಾಕೆ ನನ್ನ ತೋಳು ಹಿಡಿದು ಜೋರಾಗಿ ಅತ್ತುಬಿಟ್ಟಳು, ಪಕ್ಕದ ಕಾರಿನವನು ತಿರುಗಿ ನೋಡಿದ.

ಮಗಳು ಬ್ಯಾಗು ಎಳೆದುಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತಳು. ತಾಯಿ ಫ್ಲಾಸ್ಕಿನಿಂದ ಬಿಸಿನೀರು ಕೊಟ್ಟು, ಸ್ಪೀಕರಿನ ವಿಷಯ ಹೇಳಲು ಹೊರಟಳು. ‘ಗೊತ್ತು ಮಮ್ಮಿ’ ಎಂದಳು ಮಗಳು. ನಾನು ಹಿಂದಕ್ಕೆ ಬಾಗಿ, ಅವಳ ಕಿವಿಯ ಹತ್ತಿರ ಪಿಸುಗುಟ್ಟಿದೆ: ಮತ್ತೆ ಯಾಕೆ ಬಿಟ್ಟೆ? ಯಾಕೆ ನಕ್ಕೆ?

‘ಮೊದಲ್ನೇ ಸಲ ಗೊತ್ತಾಗ್ಲಿಲ್ಲ ಅಪ್ಪ. ಹೇಗೋ ಒಳಗೆ ಬಂದ್ಬಿಟ್ರಿ, ಆವಾಜ್ ಭೀ ವಾಪಸ್ ಬಂತು ಅನ್ಕೊಂಡೆ. ಇಷ್ಟು ಖುಷಿಯಾಯ್ತು, ಪಾಯಿಂಟ್ ಹೋದ್ರೆ ಹೋಗ್ಲಿ ಅನ್ನಿಸ್ತು.’

ಸ್ವಲ್ಪ ನೀರು ಕುಡಿದಳು. ‘ಸೆಕೆಂಡ್ ಗೇಮಿಗೆ ನಾನು ಆ ಕಡೆ ಹೋದೆ. ಆವಾಜ್ ಮಾತ್ರ ಅಲ್ಲೇ ಇತ್ತು. ನೀವಾಗಿದ್ರೆ ಎದ್ದು ನನ್ನ ಕಡೆ ಬರ್ತಿದ್ರಿ. ಆಗ ಸಮಝ್ ಮೇ ಆಯಾ, ಇದು ನೀವಲ್ಲ ಅಂತ.’

ನಾನು ಅವಳ ಒದ್ದೆ ತಲೆಯ ಮೇಲೆ ಕೈಯಿಟ್ಟೆ.

ಅಷ್ಟರಲ್ಲಿ ಆ ವಾಕಿಟಾಕಿಯ ಯುವಕ ಬಂದು ಗಾಜು ತಟ್ಟಿದ. ನನ್ನನ್ನು ನೇರ ನೋಡದೆ, ಕ್ಷಮೆ ಕೇಳಿ, ನಾಳೆ ಸೆಮಿಫೈನಲ್‌ಗೆ ಬೇರೆ ಯಾವುದಾದರೂ ಸದ್ದು ಹಾಕಿಸುತ್ತೇನೆ ಎಂದ. ನನ್ನಾಕೆ ಧನ್ಯವಾದ ಹೇಳಲು ಬಾಯಿ ತೆರೆದಳು. ಹಿಂದಿನ ಸೀಟಿನಿಂದ ಮಗಳು ಅವಸರದಲ್ಲಿ ಮುಂದೆ ಬಾಗಿದಳು.

‘ನಹೀ ಭಯ್ಯಾ, ಪ್ಲೀಸ್. ವಹೀ ರಹನೇ ದೀಜಿಯೇ.’

ಅದೇ ಇರಲಿ ಎಂದಳು. ಅವನು ಹೋದ ಮೇಲೆ ನಾವಿಬ್ಬರೂ ಅವಳನ್ನೇ ನೋಡುತ್ತಿದ್ದೆವು. ‘ನಾನು ಅದು ಹೇಳಿದ ಹಾಗೆ ಆಡಲ್ಲ, ಪಕ್ಕಾ’ ಎಂದಳು. ‘ಆದ್ರೆ ಇರ್ಲಿ. ಅಪ್ಪನ ಆವಾಜ್ ಮನೇಲಿ ಎಲ್ಲೂ ಇಲ್ವಲ್ಲ.’ ಆಮೇಲೆ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು.

ಮರುದಿನ ಮಂಜು ಇನ್ನೂ ದಟ್ಟವಾಗಿತ್ತು. ಮಗಳು ಕೈಬೀಸಿ ಒಳಗೆ ಹೋದಳು, ಗಾರ್ಡು ಬಾಗಿಲು ಹಾಕಿದ. ನಾವು ಅದೇ ಗೋಡೆಯ ಪಕ್ಕದಲ್ಲಿ ಕಾರು ನಿಲ್ಲಿಸಿದೆವು. ನನ್ನಾಕೆ ಶಾಲು ಬಿಗಿಯಾಗಿ ಹೊದ್ದುಕೊಂಡು ನಾಲ್ಕೂ ಕಿಟಕಿಗಳ ಗಾಜು ಇಳಿಸಿದಳು. ಒಳಗೆ ಆ ಮಗು ಅಳಲು ಶುರು ಮಾಡಿತು. ನಾನು ಕೂಗುವುದನ್ನು ಕೇಳಲು ನಾವಿಬ್ಬರೂ ಕಾದು ಕೂತೆವು.